18×24ರ ಕ್ಯಾನ್ವಾಸ್: ಥಾನಿನಿಂದ ಜೆಸ್ಸೋವರೆಗೆ

ನಮಸ್ಕಾರ. ಚಿತ್ರ ಬರೆಯೋಕೆ 18×24 ಇಂಚಿನ ಕ್ಯಾನ್ವಾಸನ್ನ ನಾವೇ ಮಾಡ್ಕೊಳ್ಳೋದು ಹೇಗೆ ಅಂತ ಇವತ್ತು ನೋಡೋಣ. ಅಂಗಡಿಗೆ ಹೋಗಿ ಬರೀ "ಕ್ಯಾನ್ವಾಸ್ ಕೊಡಿ" ಅಂದ್ರೆ ಏನು ಸಿಗುತ್ತೆ ಅನ್ನೋದು, ನೀವು ಯಾರ ಅಂಗಡಿ ಮೆಟ್ಟಿಲು ಹತ್ತಿದ್ರಿ ಅನ್ನೋದರ ಮೇಲಿದೆ. ಟೈಲರಿಂಗ್ ಸಾಮಾನಿನವರು ಶರ್ಟಿನ ಕಾಲರ್‌ಗೆ ಹಾಕೋ ಬಿರುಸು ಬಟ್ಟೆ ಕೊಡ್ತಾರೆ. ಕಸೂತಿ ಸಾಮಾನಿನವರು ಚೌಕ ತೂತಿನ ಜಾಳು ಬಟ್ಟೆ ತೆಗೀತಾರೆ. ಟಾರ್ಪಾಲು ಹೊಲಿಯೋರ ಹತ್ರ ಇರೋದು ನೀರು ಇಳಿಯದ ಹಾಗೆ ಮೇಣ ಹಿಡಿಸಿದ ದಪ್ಪ ಬಟ್ಟೆ. ಚಿತ್ರ ಬರೆಯೋಕೆ ಈ ಮೂರೂ ಬೇಡ. ಮೇಣದ್ದಂತೂ ಮುಟ್ಟಲೇಬೇಡಿ. ಮೇಣ ಕುಡಿದ ನೂಲಿಗೆ ಜೆಸ್ಸೋ, ಅಂದ್ರೆ ಬಣ್ಣಕ್ಕಿಂತ ಮೊದಲು ಬಟ್ಟೆಗೆ ಹಚ್ಚೋ ನೀರಿನ ಬಿಳಿ ಲೇಪ, ಕಚ್ಚಲ್ಲ, ಒಣಗಿದ ಮೇಲೆ ಪದರ ಪದರವಾಗಿ ಏಳುತ್ತೆ.

ನೀವು ಕೇಳಬೇಕಾದ್ದು ಕೋರಾ ಕಾಟನ್ ಡಕ್. ಬ್ಲೀಚ್ ಮಾಡದ, ಬಣ್ಣ ಹಾಕದ, ಬಿಗಿ ನೇಯ್ಗೆಯ ಹತ್ತಿ ಬಟ್ಟೆ. ಕೆಲವರು ಇದನ್ನ ಔನ್ಸ್ ಲೆಕ್ಕದಲ್ಲಿ (ಒಂದು ಚದರ ಗಜದ ತೂಕ), ಕೆಲವರು ಜಿಎಸ್‌ಎಂನಲ್ಲಿ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಅನ್ನೋದು), ಇನ್ನು ಕೆಲವರು ನಂಬರಿನಲ್ಲಿ ಮಾರ್ತಾರೆ. ಔನ್ಸನ್ನ 34ರಿಂದ ಗುಣಿಸಿದ್ರೆ ಹೆಚ್ಚುಕಡಿಮೆ ಜಿಎಸ್‌ಎಂ ಬರುತ್ತೆ. ನಂಬರಿನದ್ದು ಮಾತ್ರ ಉಲ್ಟಾ ಲೆಕ್ಕ, ನಂಬರ್ ಹೆಚ್ಚಾದಷ್ಟೂ ಬಟ್ಟೆ ಹಗುರ. 12ನೇ ನಂಬರ್ ಸುಮಾರು 390 ಜಿಎಸ್‌ಎಂ, 10ನೇ ನಂಬರ್ ಸುಮಾರು 500. ಇವತ್ತು ಮಾಡ್ತಿರೋ 18×24 ಇಂಚಿನದಕ್ಕೆ 300ರಿಂದ 400 ಜಿಎಸ್‌ಎಂ ಸಾಕು. ಲಿನನ್ ಹತ್ತಿಗಿಂತ ಗಟ್ಟಿ, ಬಹಳ ಕಾಲ ಬಾಳುತ್ತೆ, ಬೆಲೆಯೂ ಹಾಗೇ ಇರುತ್ತೆ. ಕಲಿಯೋ ಕೈಗೆ ಹತ್ತೀನೇ ಸರಿ. ಗೋಣಿ ಬಟ್ಟೆ ಮೇಲೆ ಬರೆಯೋ ಫ್ಯಾಷನ್ ಒಂದಿದೆ. ನೋಡೋಕೆ ಚೆಂದ, ಆದ್ರೆ ಸೆಣಬು ಬೇಗ ಪೆಡಸಾಗಿ ಮುರಿಯುತ್ತೆ. ಮಾರೋ ಚಿತ್ರಕ್ಕೆ ನಾವು ಅದನ್ನ ಹೇಳಲ್ಲ.

ಥಾನಿನ ಅಗಲದ ವಿಷಯ ಬಂದಾಗ ಇಟಲಿಯ ವೆನಿಸ್ ನೆನಪಾಗುತ್ತೆ. ಉಪ್ಪು ನೀರಿನ ಊರು, ಗೋಡೆ ತೇವಕ್ಕೆ ಅಲ್ಲಿ ಭಿತ್ತಿಚಿತ್ರ ನಿಲ್ಲಲಿಲ್ಲ. ಹಡಗಿನ ಹಾಯಿಬಟ್ಟೆಗೆ ಮಾತ್ರ ಕೊರತೆ ಇರಲಿಲ್ಲ. ಅಲ್ಲಿನ ಕಲಾವಿದರು ಬಟ್ಟೆ ಕಡೆ ತಿರುಗಿದ್ರು. 1563ರಲ್ಲಿ ಅಲ್ಲಿನ ಚಿತ್ರಕಾರ ವೆರೊನೀಸ್ ಮುಗಿಸಿದ 'ಕಾನಾ ಊರಿನ ಮದುವೆ' ಚಿತ್ರ ಸುಮಾರು 6.8 ಮೀಟರ್ ಎತ್ತರ, 9.9 ಮೀಟರ್ ಅಗಲ ಇದೆ. ಅಷ್ಟು ಅಗಲ ನೇಯೋ ಮಗ್ಗ ಎಲ್ಲಿತ್ತು? ಬಟ್ಟೆಗೆ ಬಟ್ಟೆ ಸೇರಿಸಿ ಹೊಲಿದೇ ಬರೆಯಬೇಕಿತ್ತು. ನಿಮ್ಮ ಚಿತ್ರ ಥಾನಿನ ಅಗಲದೊಳಗೇ ಇದ್ರೆ ಹೊಲಿಗೆ ಹಾಕಬೇಡಿ. ಹೊಲಿಗೆ ಇವತ್ತಲ್ಲ ನಾಳೆ ಬಣ್ಣದ ಮೇಲೆ ಗೆರೆಯಾಗಿ ಕಾಣುತ್ತೆ.

ಈಗ ಚೌಕಟ್ಟು. ಒಣಗಿದ ಪೈನ್ ಅಥವಾ ಸಿಲ್ವರ್ ಓಕ್ ಪಟ್ಟಿ, ಗಂಟು ಇರಬಾರದು. ಹಸಿ ಮರ ಆಮೇಲೆ ಒಣಗ್ತಾ ತಿರುಚಿಕೊಳ್ಳುತ್ತೆ. ಆಗ ಚಿತ್ರದ ಮೂರು ಮೂಲೆ ಗೋಡೆಗೆ ತಾಗಿ, ನಾಲ್ಕನೇದು ಎದ್ದು ನಿಲ್ಲುತ್ತೆ. ಬಡಗಿಗೆ ಎರಡು ಮಾತು ಹೇಳಿ. ಒಂದು, ಮೂಲೆಗಳಿಗೆ ಮೊಳೆ, ಅಂಟು ಬೇಡ, ಒಂದಕ್ಕೊಂದು ಸಿಕ್ಕಿಸೋ ಹಾಗೆ ಮಾಡಿ ಬೆಣೆಗೆ ಜಾಗ ಬಿಡಲಿ. ಎರಡು, ಬಟ್ಟೆ ಬರೋ ಬದಿಯಲ್ಲಿ ಪಟ್ಟಿಯ ಒಳಗಂಚು ಹೊರಗಂಚಿಗಿಂತ 5 ಮಿಲಿಮೀಟರ್ ತಗ್ಗೋ ಹಾಗೆ ಓರೆಯಾಗಿ ಹೆರೆಯಲಿ. ಈ ಓರೆ ಇಲ್ಲದಿದ್ರೆ ಬ್ರಶ್ ಒತ್ತಿದಾಗಲೆಲ್ಲ ಬಟ್ಟೆ ಮರಕ್ಕೆ ತಾಗಿ, ಅಂಚಿನಿಂದ ಎರಡು ಇಂಚು ಒಳಗೆ ಸುತ್ತಲೂ ಒಂದು ಗೆರೆ ಮೂಡುತ್ತೆ. ಅದನ್ನ ಆಮೇಲೆ ಅಳಿಸೋಕೆ ಆಗಲ್ಲ. ಮೂರು ಅಡಿ ದಾಟಿದ ಚೌಕಟ್ಟಿಗೆ ನಡುವೆ ಅಡ್ಡಪಟ್ಟಿ ಬೇಕು.

ಮೂಲೆ ಸರಿ ಇದೆಯಾ ನೋಡೋಕೆ ಮೂಲೆಯಿಂದ ಮೂಲೆಗೆ ಟೇಪ್ ಹಿಡೀರಿ. 18×24ಕ್ಕೆ ಎರಡೂ ಕಡೆ ಸರಿಯಾಗಿ 30 ಇಂಚು ಬರಬೇಕು. ಒಂದು ಕಡೆ ಹೆಚ್ಚು ಬಂದ್ರೆ ಆ ಉದ್ದದ ಮೂಲೆಯನ್ನ ನೆಲಕ್ಕೆ ಊರಿ ಒತ್ತಿ, ಮತ್ತೆ ಅಳೆಯಿರಿ. ಬಟ್ಟೆ ಬಿಗಿದ ಮೇಲೆ ಇದನ್ನ ಸರಿ ಮಾಡೋಕೆ ಹೋದ್ರೆ ಬಟ್ಟೆ ಹಿಡಿದಿರೋ ಎಲ್ಲ ಸ್ಟೇಪಲ್ ಪಿನ್ನೂ ಕೀಳಬೇಕು.

ಬಟ್ಟೆ ನಾಲ್ಕೂ ಕಡೆ ಮೂರು ಇಂಚು ಹೆಚ್ಚು, ಅಂದ್ರೆ 24×30. ಒಂದು ನೂಲು ಎಳೆದು, ಆ ಜಾಡಿನಲ್ಲೇ ಕತ್ತರಿಸಿ. ಹಾಸು ಹೊಕ್ಕು ಎರಡೂ ಚೌಕಟ್ಟಿನ ಅಂಚಿಗೆ ಸಮನಾಗಿ ಕೂರಬೇಕು. ಬಟ್ಟೆ ಒಗೆಯೋದು ಬೇಡ. ಮಡಿಕೆ ಗೆರೆ ಇದ್ರೆ ಇಸ್ತ್ರಿ ಹಾಕಿ, ಅಷ್ಟೇ.

ನೋಡಿ, ಮೊದಲ ಪಿನ್ ಉದ್ದ ಬದಿಯ ನಡುವೆ. ಎರಡನೇದು ಅದರ ಎದುರು ಬದಿಯ ನಡುವೆ, ಇಕ್ಕಳದಲ್ಲಿ ಎಳೆದು. ಆಮೇಲೆ ಉಳಿದ ಎರಡು ಬದಿಯ ನಡುವೆ. ಇಲ್ಲಿಂದ ಮೂಲೆ ಕಡೆಗೆ, ಎರಡೆರಡು ಇಂಚಿಗೆ ಒಂದು ಪಿನ್. ಇಲ್ಲಿ ಒಂದು ಹೊಡೆದ್ರೆ ಎದುರು ಒಂದು. ಒಂದೇ ಬದಿಯನ್ನ ಪೂರ್ತಿ ಮುಗಿಸಿ ಆಮೇಲೆ ಎದುರು ಬದಿಗೆ ಹೋದ್ರೆ ನೇಯ್ಗೆ ಓರೆಯಾಗುತ್ತೆ. ಸ್ಟೇಪಲ್ ಗನ್ನನ್ನ ಸ್ವಲ್ಪ ಓರೆ ಹಿಡೀರಿ. ಅಂಚಿಗೆ ಸಮಾನಾಂತರವಾಗಿ ಹೊಡೆದ ಪಿನ್ ಕೆಲವೇ ನೂಲನ್ನ ಹಿಡಿಯುತ್ತೆ, ಓರೆ ಪಿನ್ ಹಾಸನ್ನೂ ಹೊಕ್ಕನ್ನೂ ಹಿಡಿಯುತ್ತೆ. ಮೂಲೆಯ ಹೆಚ್ಚುವರಿ ಬಟ್ಟೆ ಮಡಚಿ ಹಿಂದಕ್ಕೆ ತಿರುಗಿಸಿ, ಕತ್ತರಿಸಬೇಡಿ. ಮುಂದೆ ಬಟ್ಟೆ ಮತ್ತೆ ಬಿಗಿಯಬೇಕಾದಾಗ ಇಕ್ಕಳಕ್ಕೆ ಸಿಗೋದು ಅದೇ.

ಈ ಹಂತದಲ್ಲಿ ಎಲ್ಲರೂ ಬಟ್ಟೆಯನ್ನ ತಮಟೆ ಹಾಗೆ ಬಿಗಿ ಮಾಡೋಕೆ ಹೋಗ್ತಾರೆ. ಬೇಡ. ಕೋರಾ ಹತ್ತಿ ನೀರು ಬಿದ್ದ ಕೂಡ್ಲೇ ಕುಗ್ಗುತ್ತೆ, ಉಳಿದ ಬಿಗಿಯನ್ನ ಜೆಸ್ಸೋ ತಾನೇ ತರುತ್ತೆ. ಮೊದಲೇ ಜಗ್ಗಿಟ್ಟಿದ್ರೆ ಆ ಎಳೆತಕ್ಕೆ ತೆಳು ಚೌಕಟ್ಟು ಬಾಗುತ್ತೆ. ಬೆರಳು ಒತ್ತಿದ್ರೆ ಸುಕ್ಕು ಬರದೆ ವಾಪಸ್ ಬಂದ್ರೆ ಸಾಕು. ಅಂಚಿನ ನೂಲು ಪಿನ್ನಿಂದ ಪಿನ್ನಿಗೆ ಅಲೆಅಲೆಯಾಗಿ ಕಂಡ್ರೆ ಒಂದೊಂದು ಕಡೆ ಹೆಚ್ಚು ಜಗ್ಗಿದ್ದೀರಿ ಅಂತ ಅರ್ಥ. ಆ ಪಿನ್‌ಗಳನ್ನಷ್ಟೇ ಕಿತ್ತು, ನಡುವಿನ ಜಾಗದಲ್ಲಿ ಮತ್ತೆ ಹೊಡೀರಿ.

ಎಣ್ಣೆ ಬಣ್ಣ ಬಳಸೋರಿಗೆ ಇಲ್ಲಿ ಒಂದು ಹೆಚ್ಚಿನ ಕೆಲಸ ಇದೆ. ಅಗಸೆ ಎಣ್ಣೆ ಒಣಗೋವಾಗ ಆಮ್ಲೀಯವಾಗುತ್ತೆ, ಬರೀ ಬಟ್ಟೆಗೆ ಇಳಿದ್ರೆ ನೂಲು ಕ್ರಮೇಣ ಸುಟ್ಟ ಬಣ್ಣಕ್ಕೆ ತಿರುಗಿ ಹರಿಯುತ್ತೆ. ಅದಕ್ಕೇ ಜೆಸ್ಸೋಗಿಂತ ಮೊದಲು ಸೈಜ್, ಅಂದ್ರೆ ನೂಲಿನ ಬಾಯಿ ಮುಚ್ಚೋ ತೆಳು ಅಂಟು. ಹಿಂದೆ ಮೊಲದ ಚರ್ಮದ ಅಂಟು ಹಾಕ್ತಿದ್ರು. ಅದು ಗಾಳಿಯ ತೇವ ಹೀರಿ ಉಬ್ಬುತ್ತೆ, ಒಣಗಿ ಕುಗ್ಗುತ್ತೆ, ಮೇಲಿನ ಬಣ್ಣ ಬಿರಿಯುತ್ತೆ. ಮಂಗಳೂರು, ಉಡುಪಿಯ ಮಳೆಗಾಲಕ್ಕಂತೂ ಅದು ಆಗಿಬರಲ್ಲ. ಆಮ್ಲ ಇಲ್ಲದ ಪಿವಿಎ (ಪಾಲಿವಿನೈಲ್ ಅಸಿಟೇಟ್ ಅಂಟು) ಸೈಜ್ ಅಥವಾ ಅಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ ಅಕ್ರಿಲಿಕ್) ಎರಡು ಕೋಟ್ ಹಾಕಿ. ಬಡಗಿಗಳ ಬಿಳಿ ಅಂಟಿಗೆ ನೀರು ಬೆರೆಸೋ ರೂಢಿ ಇದೆ, ಅದು ಕಾಲಕ್ರಮೇಣ ಹಳದಿಯಾಗೋದರಿಂದ ನಾವು ಒಪ್ಪಲ್ಲ.

ಇನ್ನು ಜೆಸ್ಸೋ. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕಿನ ಕೆಳಗೆ ಉಬ್ಬಿಸೋ ಲೇಪಕ್ಕೂ ಜೆಸ್ಸೋ ಅಂತಾರೆ, ಅದೇ ಬೇರೆ. ಸೀಮೆಸುಣ್ಣ, ಪ್ರಾಣಿ ಅಂಟಿನ ಹಳೇ ಯುರೋಪಿನ ಜೆಸ್ಸೋ ಹಲಗೆಗೆ ಸರಿ, ಅಲುಗಾಡೋ ಬಟ್ಟೆ ಮೇಲೆ ಬಿರುಕು ಬಿಡುತ್ತೆ. ನಮಗೆ ಬೇಕಿರೋದು 1950ರ ದಶಕದಿಂದ ಬಳಕೆಗೆ ಬಂದ ಅಕ್ರಿಲಿಕ್ ಜೆಸ್ಸೋ.

ಮೊದಲ ಕೋಟ್‌ಗೆ ಸುಮಾರು 50 ಮಿಲಿ ಜೆಸ್ಸೋ, 10 ಮಿಲಿ ನೀರು. ಕಾಲು ಭಾಗಕ್ಕಿಂತ ಹೆಚ್ಚು ನೀರು ಬೇಡ, ಅಂಟಿನ ಪಾಲು ತೆಳುವಾಗಿ ಒಣಗಿದ ಮೇಲೆ ಕೈಗೆ ಪುಡಿ ಹತ್ತುತ್ತೆ. ಅಗಲ ಬ್ರಶ್‌ನಲ್ಲಿ ನೇಯ್ಗೆಯೊಳಕ್ಕೆ ಒತ್ತಿ ಒತ್ತಿ ಹಚ್ಚಿ, ಬದಿಗಳಿಗೂ. ಎರಡನೇದು ಮೊದಲಿನದಕ್ಕೆ ಅಡ್ಡಲಾಗಿ, 30 ಮಿಲಿ ಸಾಕು. ಬೇಸಿಗೇಲಿ ಎರಡು ಗಂಟೆ ಬಿಟ್ಟು ಮುಂದಿನ ಕೋಟ್, ಮಳೆಗಾಲದಲ್ಲಿ ಅರ್ಧ ದಿನ. ನಡುವೆ 220 ನಂಬರಿನ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ, ಮೂಗಿಗೆ ಮಾಸ್ಕ್ ಇರಲಿ. ತೀರಾ ನುಣುಪು ಮಾಡಿದ್ರೆ ಬಣ್ಣ ಜಾರುತ್ತೆ. ಮೂರನೇ ಕೋಟ್ ಆದಮೇಲೆ ಹಿಂದಿನಿಂದ ಬಲ್ಬ್ ಹಿಡಿದು ನೋಡಿ. ಸೂಜಿ ಮೊನೆಯಷ್ಟು ಬೆಳಕಿನ ಚುಕ್ಕಿ ಕಂಡ್ರೆ ನಾಲ್ಕನೇದು ಬೇಕು, ಎಣ್ಣೆ ಅಲ್ಲಿಂದಲೇ ಹಿಂದಕ್ಕೆ ಇಳಿಯುತ್ತೆ. ಅಕ್ರಿಲಿಕ್ ಬಣ್ಣಕ್ಕೆ ಮರುದಿನ ಕೂರಬಹುದು, ಎಣ್ಣೆ ಬಣ್ಣಕ್ಕೆ ಕನಿಷ್ಠ ಮೂರು ದಿನ ಕಾಯಿರಿ.

ದುಡ್ಡು ಉಳಿಸೋಕೆ ಗೋಡೆ ಪ್ರೈಮರ್ ಹಚ್ಚಬಹುದಾ ಅಂತ ಕೇಳೋರಿದ್ದಾರೆ. ಅದು ಅಲುಗಾಡದ ಗೋಡೆಗೆ ಮಾಡಿದ್ದು, ಪುಡಿ ಹೆಚ್ಚು, ಅಂಟು ಕಮ್ಮಿ. ಕ್ಯಾನ್ವಾಸ್ ಒಮ್ಮೆ ಸುರುಳಿ ಸುತ್ತಿದ್ರೆ ಒಡೆಯುತ್ತೆ. ಅಭ್ಯಾಸಕ್ಕೆ ನಡೆಯುತ್ತೆ, ಬೇರೆಯವರಿಗೆ ಕೊಡೋ ಚಿತ್ರಕ್ಕೆ ಬೇಡ. ಸುರುಳಿ ಸುತ್ತಲೇಬೇಕಾದ್ರೆ ಬಣ್ಣದ ಮುಖ ಹೊರಗೆ ಇರಲಿ, ಕೊಳವೆಯ ಅಡ್ಡಳತೆ ಆರು ಇಂಚಿಗಿಂತ ಸಣ್ಣದು ಬೇಡ.

ತಿಂಗಳುಗಳು ಕಳೆದ ಮೇಲೆ ಬಟ್ಟೆ ಸಡಿಲ ಅನ್ನಿಸಿದ್ರೆ ಮೂಲೆಗೆ ಎರಡರಂತೆ ಸಿಕ್ಕಿಸಿದ ಎಂಟೂ ಬೆಣೆಗಳನ್ನ ಸಮನಾಗಿ, ಸಣ್ಣ ಸುತ್ತಿಗೇಲಿ ಒಂದೊಂದೇ ಏಟು ತಟ್ಟಿ. ಬೆಣೆಗೂ ಬಟ್ಟೆಗೂ ನಡುವೆ ರಟ್ಟು ಇಟ್ಕೊಳ್ಳಿ, ಇಲ್ಲದಿದ್ರೆ ಸುತ್ತಿಗೆ ಜಾರಿ ಹಿಂದಿನಿಂದ ಉಬ್ಬು ಬೀಳುತ್ತೆ. ತೂಕ, ಕೋಟ್ ಸಂಖ್ಯೆ, ತಾರೀಖು ಬರೆಯೋದಾದ್ರೆ ಪೆನ್ಸಿಲ್‌ನಲ್ಲಿ ಮರದ ಪಟ್ಟಿ ಮೇಲೆ ಬರೆಯಿರಿ. ಬಟ್ಟೆ ಹಿಂದೆ ಬಾಲ್‌ಪೆನ್ ಒತ್ತಿದ್ರೆ ಅಕ್ಷರ ಮುಂದೆ ಎದ್ದು ಕಾಣುತ್ತೆ.