ಗೆಡ್ಡೆಯೊಳಗಿನ ನೀಲಿ ಚುಕ್ಕೆಗಳು

ಕೇಳುಗರಿಗೆ ನಮಸ್ಕಾರ.

ಸ್ತನ ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ, ಅದರಲ್ಲಿ ಹಲವು ಬಗೆ. ನೂರರಲ್ಲಿ 10ರಿಂದ 15 ಮಂದಿಯಲ್ಲಿ ಕಾಣುವುದು ಟ್ರಿಪಲ್ ನೆಗೆಟಿವ್. ಅದರ ಕೋಶಗಳಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್ ಇಲ್ಲ, ಪ್ರೊಜೆಸ್ಟರಾನ್ ಹಾರ್ಮೋನಿನ ರಿಸೆಪ್ಟರ್ ಇಲ್ಲ, ಕೋಶ ಬೆಳೆಯಲು ಪ್ರಚೋದಿಸುವ ಹರ್-2 ಪ್ರೋಟೀನೂ ಹೆಚ್ಚಿಲ್ಲ. ಹೀಗಾಗಿ ಹಾರ್ಮೋನ್ ಮಾತ್ರೆ ಇದಕ್ಕೆ ನಾಟುವುದಿಲ್ಲ. ಬೆಳೆಯುವುದಂತೂ ಬಲು ಬೇಗ.

ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಇದೇ ಗೆಡ್ಡೆಯ ತೆಳುವಾದ ಪದರಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಎಷ್ಟೋ ಸಲ ಕಾಳು ಚೆಲ್ಲಿದ ಹಾಗೆ ಕಡುನೀಲಿ ಚುಕ್ಕೆಗಳು ಕಾಣುತ್ತವೆ. ಅವು ಲಿಂಫೋಸೈಟ್‌ಗಳು, ಅಂದರೆ ರೋಗನಿರೋಧಕ ಬಿಳಿ ರಕ್ತಕಣಗಳು, ನಮ್ಮದೇ ಕಾವಲಿನವರು. ಈ ಕ್ಯಾನ್ಸರಿನ ಡಿಎನ್‌ಎ ತೀರಾ ಅಸ್ತವ್ಯಸ್ತ. ಆ ತಪ್ಪುಗಳಿಂದ ಹುಟ್ಟುವ ವಿಚಿತ್ರ ಪ್ರೋಟೀನ್ ತುಣುಕುಗಳನ್ನು ಕಂಡು ಟಿ ಕೋಶಗಳೆಂಬ ಲಿಂಫೋಸೈಟ್‌ಗಳು 'ಇದು ನಮ್ಮದಲ್ಲ' ಎಂದು ಮುತ್ತುತ್ತವೆ. ಹೆಚ್ಚು ಉಗ್ರವಾದ ಗೆಡ್ಡೆಯೇ ದೇಹದ ಕಣ್ಣಿಗೆ ಹೆಚ್ಚು ಬೀಳುತ್ತದೆ! ಚುಕ್ಕೆಗಳು ಎಷ್ಟು ಜಾಸ್ತಿಯೋ, ಕೀಮೋಗೆ ಗೆಡ್ಡೆ ಕರಗುವ ಸಾಧ್ಯತೆಯೂ ಅಷ್ಟು ಜಾಸ್ತಿ. ಎಣಿಸಲು ದುಬಾರಿ ಯಂತ್ರ ಬೇಡ, ಬಯಾಪ್ಸಿ ಸ್ಲೈಡು ಮತ್ತು ಪಳಗಿದ ಕಣ್ಣು ಸಾಕು.

ಹಾಗಾದರೆ ಮುತ್ತಿದವರು ಗೆಲ್ಲುವುದಿಲ್ಲವೇಕೆ? ಟಿ ಕೋಶದ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಇದೆ. ಕಾವಲಿನವರು ಮನೆಯವರನ್ನೇ ಹೊಡೆಯದಿರಲಿ ಎಂದು ದೇಹವೇ ಇಟ್ಟುಕೊಂಡದ್ದು. ಗೆಡ್ಡೆ ಪಿಡಿ-ಎಲ್1 ಎಂಬ ಪ್ರೋಟೀನ್ ತೋರಿಸಿ ಆ ಬ್ರೇಕನ್ನೇ ಒತ್ತುತ್ತದೆ. 'ಇಮ್ಯೂನಿಟಿ ಹೆಚ್ಚಿಸುವ' ಪುಡಿ, ಕಷಾಯಗಳ ಜಾಹೀರಾತು ಕಂಡಾಗ ನನಗೆ ಸಿಟ್ಟು ಬರುವುದು ಇದಕ್ಕೇ. ಇಲ್ಲಿ ಕೊರತೆ ಬಲದ್ದಲ್ಲ, ಒತ್ತಿಟ್ಟ ಬ್ರೇಕಿನದು.

ಪಿಡಿ-1 ಕಂಡುಹಿಡಿದ ಜಪಾನಿನ ತಸುಕು ಹೊಂಜೊ 2018ರ ನೊಬೆಲ್ ಅನ್ನು ಅಮೆರಿಕದ ಜೇಮ್ಸ್ ಆಲಿಸನ್ ಜೊತೆ ಹಂಚಿಕೊಂಡರು. ಆ ಬ್ರೇಕನ್ನು ಬಿಡಿಸುವ ಔಷಧಿಗಳಲ್ಲೊಂದು ಪೆಂಬ್ರೊಲಿಜುಮ್ಯಾಬ್. ಬೇರೆಡೆಗೆ ಹರಡದ, ಆದರೆ ಅಪಾಯ ಹೆಚ್ಚಿರುವ ಟ್ರಿಪಲ್ ನೆಗೆಟಿವ್ ರೋಗಿಗಳಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಕೀಮೋ ಜೊತೆ ಇದನ್ನು ಕೊಟ್ಟು, ಆಮೇಲೂ ಮುಂದುವರಿಸಿದ ದೊಡ್ಡ ಪ್ರಯೋಗವೊಂದರಲ್ಲಿ, ಐದು ವರ್ಷಗಳ ನಂತರ ನೂರಕ್ಕೆ ಸುಮಾರು 87 ಮಂದಿ ಬದುಕಿದ್ದರು. ಕೀಮೋ ಮಾತ್ರ ಪಡೆದವರಲ್ಲಿ ಸುಮಾರು 82. ಅಂತರ ಸಣ್ಣದೆನಿಸಬಹುದು, ಆ ಐವರ ಮನೆಯವರಿಗೆ ಅಲ್ಲ.

ಬ್ರೇಕ್ ಬಿಟ್ಟ ಮೇಲೆ ಟಿ ಕೋಶಗಳು ಥೈರಾಯ್ಡ್, ಕರುಳು, ಶ್ವಾಸಕೋಶ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳ ಮೇಲೂ ಎರಗಬಹುದು. ಅದೂ ಕೆಲವೊಮ್ಮೆ ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೆ. ಆಗ ಬರುವ ವಿಪರೀತ ಸುಸ್ತನ್ನು ಕೀಮೋದ ಸುಸ್ತೆಂದು ಸುಮ್ಮನಾಗಬೇಡಿ. ಬಿಡದ ಭೇದಿ, ಏದುಸಿರು ಇದ್ದರೂ ಅಷ್ಟೇ. ಇಮ್ಯುನೊಥೆರಪಿ, ಅಂದರೆ ಈ ಬ್ರೇಕ್ ಬಿಡಿಸುವ ಚಿಕಿತ್ಸೆ, ಪಡೆದಿದ್ದೇವೆ ಎಂದು ವೈದ್ಯರಿಗೆ ಮೊದಲೇ ಹೇಳಿ. ಥೈರಾಯ್ಡ್ ಮತ್ತು ಅಡ್ರಿನಲ್ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್ ಮಟ್ಟ ತಿಳಿಯಲು ಒಂದು ರಕ್ತಪರೀಕ್ಷೆ ಸಾಕು.

ನಮಸ್ಕಾರ.