ಈ ಮಣ್ಣು ಎಲ್ಲಿಯದು?

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಮಡಿಕೇರಿಯಲ್ಲಿ ಇಷ್ಟು ಜನ ಬಂದು ಕೂತಿದ್ದೀರಿ, ನನಗೆ ತುಂಬಾ ಖುಷಿಯಾಗಿದೆ. ಬೆಳಗ್ಗೆ ಪಕ್ಕದ ಕೋಣೆಯಲ್ಲಿ ಮಕ್ಕಳ ಪ್ರದರ್ಶನ ಶುರುವಾದಾಗ ಹಿರಿಯರೊಬ್ಬರು ಒಂದು ಸುತ್ತು ಹಾಕಿ ಬಂದು ಕೇಳಿದರು: "ಗೋಣಿಚೀಲ, ಒಡೆದ ಹೆಂಚು, ತುಕ್ಕು ಹಿಡಿದ ಕತ್ತಿ, ಇವೆಲ್ಲ ನಮ್ಮ ತೋಟದ ಶೆಡ್ಡಿನಲ್ಲೂ ಇವೆ. ಇದರಲ್ಲಿ ಶಿಲ್ಪ ಎಲ್ಲಿದೆ ಮಾರಾಯ್ರೇ?" ಅವರು ಇಲ್ಲೇ ಎರಡನೇ ಸಾಲಿನಲ್ಲಿದ್ದಾರೆ. ಒಳ್ಳೆಯ ಪ್ರಶ್ನೆ ಸರ್. ನಾನು ಬರೆದುಕೊಂಡು ಬಂದದ್ದನ್ನು ಮಡಚಿಟ್ಟು ಅಲ್ಲಿಂದಲೇ ಹೊರಡುತ್ತೇನೆ.

ಕಲಾಕೃತಿ ಕಂಡ ಕೂಡಲೇ ನಾವು ಇದರ ಅರ್ಥ ಏನು ಅಂತ ಕೇಳುತ್ತೇವೆ. ಆ ಪ್ರಶ್ನೆ ಸ್ವಲ್ಪ ಕಾಯಲಿ. ಮೊದಲು, ಇದನ್ನು ಯಾವುದರಿಂದ ಮಾಡಿದ್ದಾರೆ, ಅದು ಎಲ್ಲಿಂದ ಬಂತು, ಯಾರ್ಯಾರ ಕೈ ದಾಟಿ ಬಂತು ಅಂತ ಕೇಳಿ ನೋಡಿ.

ಮಳೆಗೆ ಗುಡ್ಡಗಳು ಕುಸಿದ 2018ರ ಆಗಸ್ಟ್ ತಿಂಗಳ ಬಗ್ಗೆ ಈ ಸಭೆಗೆ ನಾನು ಏನೂ ಹೇಳಬೇಕಾಗಿಲ್ಲ. ಮರುವರ್ಷ ಬೇಸಿಗೆಯಲ್ಲಿ ಒಂದು ಮಣ್ಣಿನ ಶಿಬಿರ ಮಾಡಿದ್ದೆ. ಮಕ್ಕಂದೂರು ಕಡೆಯ ಹುಡುಗಿಯೊಬ್ಬಳು ಅಕ್ಕಿ ಚೀಲದಲ್ಲಿ ಮಣ್ಣು ತುಂಬಿಕೊಂಡು ಬಸ್ಸಿನಲ್ಲಿ ಬಂದಳು. ಗುಡ್ಡ ಜಾರಿ ಅವರ ಮನೆ ಹೋಯಿತಲ್ಲ, ಆ ಜಾಗದ ಮಣ್ಣು. ಕೈಗೆ ತೆಗೆದುಕೊಂಡ ಕೂಡಲೇ ನನಗೆ ಗೊತ್ತಾಯಿತು, ಇದು ಕೆಲಸಕ್ಕೆ ಬರುವ ಮಣ್ಣಲ್ಲ. ಕೆಂಪು, ಕಲ್ಲುಪುಡಿ ಜಾಸ್ತಿ, ಅಂಟು ಕಡಿಮೆ. ಎರಡು ದಿನ ನೆನೆಹಾಕಿ, ಜರಡಿ ಹಿಡಿದು, ಮಿದಿದು ನೋಡಿದೆವು. ಎಬ್ಬಿಸಿದರೆ ಕುಸಿಯುತ್ತಿತ್ತು, ಒಣಗಿದರೆ ಬಿರಿಯುತ್ತಿತ್ತು. "ಅರ್ಧಕ್ಕರ್ಧ ಕೆರೆ ಮಣ್ಣು ಸೇರಿಸಮ್ಮಾ, ಹದ ಬರುತ್ತದೆ" ಅಂದೆ. ಅವಳು ಕೇಳಿದಳು: "ಸೇರಿಸಿದರೆ ಅದು ನಮ್ಮ ಮನೆ ಮಣ್ಣಾಗಿಯೇ ಇರುತ್ತಾ ಸರ್?"

ಮೂವತ್ತು ವರ್ಷ ಮಣ್ಣು ಮಿದಿದವನು ನಾನು. ಆ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ.

ಅವಳು ಮಾಡಲು ಹೊರಟದ್ದು ಮನೆಯ ಹೊಸ್ತಿಲು. ಅಳತೆಗೆ ಅಮ್ಮನಿಗೆ ಫೋನ್ ಮಾಡಿದಳು. ಅಗಲ ಒಂದು ಗೇಣು, ಮೇಲೆ ಎರಡು ಬೆರಳು. ಎತ್ತರ ಎಷ್ಟು ಅಂದರೆ, "ನಿನ್ನ ತಮ್ಮ ಎಡವಿ ಬೀಳುವಷ್ಟು" ಅಂದರಂತೆ ಅಮ್ಮ! ಮೂರು ಸಲ ಕುಸಿಯಿತು. ನಾಲ್ಕನೇ ಸಲ ನಿಂತಿತು, ಆದರೆ ಮೈತುಂಬ ಬಿರುಕು. ಮುಚ್ಚಿಕೊಡಲಾ ಅಂತ ಕೇಳಿದೆ. ಬೇಡ ಅಂದಳು. ಅದೇ ಅಳತೆಯ ಹೊಸ್ತಿಲನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ನಾನು ಒಂದು ಗಂಟೆಯಲ್ಲಿ ಎರಕ ಹೊಯ್ದು ಕೊಡಬಲ್ಲೆ, ನೀಟಾಗಿ, ಬಿರುಕಿಲ್ಲದೆ. ಅದನ್ನು ನೋಡಿ ಅವಳ ಅಮ್ಮ ಅಳುತ್ತಿದ್ದರಾ? ಇದನ್ನು ನೋಡಿ ಅತ್ತರು. ಆಕಾರ ಒಂದೇ, ಅಳತೆ ಒಂದೇ. ಬೇರೆಯಾದದ್ದು ಮಣ್ಣು.

ಹೀಗೆ ಸಿಕ್ಕ ವಸ್ತುವನ್ನೇ ಕಲೆ ಮಾಡುವುದೆಲ್ಲ ಹೊರದೇಶದ ಫ್ಯಾಷನ್ ಅನ್ನುವವರೂ ಇದ್ದಾರೆ. ಆದರೆ ನಮ್ಮ ಕೊಡಗು ಜಿಲ್ಲೆಯಲ್ಲೇ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ದೇವರಿಗೆಂದು ಬಿಟ್ಟ ಕಾಡುಗಳು. ಅಯ್ಯಪ್ಪನ ಕಾಡಿಗೆ ಹರಕೆಯಾಗಿ ಮಣ್ಣಿನ ನಾಯಿ ಒಪ್ಪಿಸುವುದನ್ನು ನಿಮ್ಮಲ್ಲಿ ಎಷ್ಟೋ ಮಂದಿ ನೋಡಿದ್ದೀರಿ. ಮರದ ಬುಡದಲ್ಲಿ ಸಾಲಾಗಿ ನಾಯಿಗಳು. ಹೊಸದು ಕೆಂಪಗೆ, ಹಳೆಯದು ಪಾಚಿ ಹಿಡಿದು, ಇನ್ನೂ ಹಳೆಯದು ಕಿವಿ ಮುರಿದು ಮಣ್ಣಿಗೆ ಮಣ್ಣಾಗಿ. ಆ ನಾಯಿಯನ್ನು ತಂದು ಶೋಕೇಸಿನಲ್ಲಿಟ್ಟರೆ ಅದು ಬರೀ ಗೊಂಬೆ. ಕಾಡು, ಹರಕೆ, ಮಳೆ ಎಲ್ಲ ಸೇರಿದರೇ ಅದು ಅದಾಗುವುದು. ಇಂಥ ಕೆಲಸಕ್ಕೆ ಇವತ್ತು ಇನ್‌ಸ್ಟಲೇಷನ್ ಅನ್ನುತ್ತಾರೆ. ಹೆಸರು ಹೊಸದು ಅಷ್ಟೇ. ವಿಜಯದಶಮಿ ರಾತ್ರಿ ಹೊರಡುವ ನಮ್ಮ ಮಡಿಕೇರಿ ದಸರಾದ ಹತ್ತು ಮಂಟಪಗಳನ್ನೇ ನೋಡಿ, ಟ್ರ್ಯಾಕ್ಟರ್ ಮೇಲೆ ಕದಲುವ ರಾಕ್ಷಸರು, ಲೈಟು, ಹೊಗೆ. ಒಂದು ರಾತ್ರಿಗಾಗಿ ತಿಂಗಳುಗಟ್ಟಲೆ ಕೆಲಸ. ಅದರ ಬಗ್ಗೆ ಬೇರೆಯೇ ಭಾಷಣ ಬೇಕು, ಇವತ್ತು ಬೇಡ.

ನಮ್ಮ ರಾಜ್ಯದವರೇ ಆದ ಕಲಾವಿದೆ ಶೀಲಾ ಗೌಡ ಅವರ ಬಗ್ಗೆ ಹೇಳಲೇಬೇಕು. ಭದ್ರಾವತಿಯಲ್ಲಿ ಹುಟ್ಟಿದವರು. ಚಿತ್ರ ಬರೆಯುತ್ತಿದ್ದವರು 1990ರ ದಶಕದ ಶುರುವಿನಲ್ಲಿ ಸೆಗಣಿ ಹಿಡಿದರು. ಅಂಗಳ ಸಾರಿಸುವ ಸೆಗಣಿ, ಬೆರಣಿ ತಟ್ಟುವ ಸೆಗಣಿ. ಆಮೇಲೆ ಉದ್ದುದ್ದದ ದಾರಗಳನ್ನು ಸೂಜಿಗಳಿಗೆ ಪೋಣಿಸಿ, ಅಂಟು ಮತ್ತು ಕುಂಕುಮ ಹಚ್ಚಿ ಕೆಂಪು ಹಗ್ಗ ಮಾಡಿದರು. ತುದಿಯಲ್ಲಿ ಆ ಸೂಜಿಗಳೆಲ್ಲ ಗೊಂಚಲಾಗಿ ತೂಗುತ್ತವೆ. ಒಂದು ಕಡೆ ಹಣೆಯ ಕುಂಕುಮ, ಒಂದು ಕಡೆ ರಕ್ತ, ಜೊತೆಗೆ ಹೆಂಗಸರ ಹೊಲಿಗೆ. 2009ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನದಲ್ಲಿ, ಕೂದಲಿನ ಹಗ್ಗದಿಂದ ಕಾರಿನ ಬಂಪರುಗಳನ್ನು ತೂಗುಹಾಕಿದರು. ದೃಷ್ಟಿ ತಾಗದಿರಲಿ ಅಂತ ಗಾಡಿಗೆ ಕಟ್ಟುತ್ತಾರಲ್ಲ, ಅದೇ ಹಗ್ಗ. ಯಾರೋ ದೇವರಿಗೆ ಕೊಟ್ಟ ಮುಡಿ ಹಗ್ಗವಾಗಿ ಇನ್ಯಾರದೋ ಭಯಕ್ಕೆ ಕಾವಲು ನಿಲ್ಲುತ್ತದೆ. ಅದು ಎಲ್ಲಿಂದ ಬಂತು, ಯಾರ ಕೈ ದಾಟಿತು ಅಂತ ಕೇಳದಿದ್ದರೆ ಅಲ್ಲಿ ನಮಗೆ ಕಾಣುವುದು ಬರೀ ಕಪ್ಪು ಹಗ್ಗ, ಅಲ್ವಾ?

ಚೀಟಿ ಬಂತು, ಐದು ನಿಮಿಷ ಅಂತೆ. ಕೊಚ್ಚಿಯ ವಿಷಯ ಜಾಸ್ತಿ ಹೇಳಬೇಕೆಂದಿದ್ದೆ. ಅಲ್ಲಿ 2012ರಲ್ಲಿ ಬಿಯೆನಾಲೆ ಶುರುವಾಯಿತು, ಅದರ ಮುಖ್ಯ ಜಾಗ ಆಸ್ಪಿನ್‌ವಾಲ್ ಹೌಸ್. ಕಾಳುಮೆಣಸು, ಶುಂಠಿ, ಕಾಫಿ ವ್ಯಾಪಾರ ಮಾಡುತ್ತಿದ್ದ ಹಳೇ ಕಂಪನಿಯ ಕಟ್ಟಡ ಅದು. ಕಾಫಿ, ಮೆಣಸು ಬೆಳೆಯುವ ನಾವು ಅಂಥ ಗೋದಾಮಿನೊಳಗೆ ನಿಂತರೆ ಬೇರೆ ಊರಿನವರಿಗಿಂತ ಜಾಸ್ತಿ ಏನೋ ತಿಳಿಯುತ್ತದೆ. ಹೋಗಿ ಬನ್ನಿ. ಶಿಲ್ಪಿ ಮೃಣಾಲಿನಿ ಮುಖರ್ಜಿ ನಾರಿನ ಹಗ್ಗಕ್ಕೆ ಗಂಟು ಹಾಕುತ್ತಾ ಹಾಕುತ್ತಾ ಆಳೆತ್ತರದ ದೇವತೆಗಳನ್ನು ಮಾಡಿದರು. ನೈಜೀರಿಯಾದಲ್ಲಿ ಬಹುಕಾಲ ಕೆಲಸ ಮಾಡಿದ ಶಿಲ್ಪಿ ಎಲ್ ಅನಾಟ್ಸುಯಿ, ಹೆಂಡದ ಬಾಟಲಿಯ ಮುಚ್ಚಳಗಳನ್ನು ತಾಮ್ರದ ತಂತಿಯಲ್ಲಿ ಹೆಣೆದು ಗೋಡೆ ತುಂಬುವ ಜರತಾರಿ ಬಟ್ಟೆಯಂತೆ ಇಳಿಬಿಡುತ್ತಾರೆ. ಆಫ್ರಿಕಾಕ್ಕೆ ಹೆಂಡ ಯಾಕೆ ಹೋಯಿತು, ಅದಕ್ಕೆ ಬದಲಾಗಿ ಹಡಗಿನಲ್ಲಿ ಯಾರನ್ನು ಗುಲಾಮರಾಗಿ ತುಂಬಿಕೊಂಡು ಹೋದರು ಅನ್ನುವುದೆಲ್ಲ ಆ ಮುಚ್ಚಳದಲ್ಲಿದೆ.

ಎರಡನೇ ಚೀಟಿಯೂ ಬಂತು. ಸರಿ, ನಿಲ್ಲಿಸುತ್ತೇನೆ. ಪಕ್ಕದ ಕೋಣೆಗೆ ಹೋಗೋಣ, ಬನ್ನಿ ಸರ್, ನೀವೂ ಇನ್ನೊಂದು ಸಲ ಬನ್ನಿ. ಆ ತುಕ್ಕು ಹಿಡಿದ ಕತ್ತಿ ಯಾರದು ಅಂತ ಅದನ್ನಿಟ್ಟ ಹುಡುಗನನ್ನೇ ಕೇಳಿ, ಬಾಗಿಲಲ್ಲೇ ನಿಂತಿದ್ದಾನೆ. ನಾನು ಹೇಳಿದ ಹೊಸ್ತಿಲು ಕಿಟಕಿಯ ಹತ್ತಿರ ನೆಲದ ಮೇಲಿದೆ. ಮುಟ್ಟಬಹುದು. ಉದುರಿದರೆ ಉದುರಲಿ ಅಂತ ಅವಳೇ ಹೇಳಿದ್ದಾಳೆ. ಉದುರಿದ್ದನ್ನು ಮಾತ್ರ ಗುಡಿಸಬೇಡಿ, ಸಂಜೆ ಅವಳು ಬಂದು ಎತ್ತಿಕೊಳ್ಳುತ್ತಾಳೆ.