ಲಾವಂಚ ಒಣಗಿದ್ದು ಬರಕ್ಕಲ್ಲ

ನಮಸ್ಕಾರ. ಲಾವಂಚ, ಅಂದ್ರೆ ಸುವಾಸನೆ ಬೇರಿನ ಹುಲ್ಲಿನ ಬಗ್ಗೆ ಹೋದ ವಾರ ಹಾಕಿದ ವಿಡಿಯೋ ಕೆಳಗೆ ಅರಸೀಕೆರೆ ಕಡೆಯವರೊಬ್ಬರು ಬರೆದಿದ್ದಾರೆ: "ಬರ ತಡೆಯುತ್ತೆ ಅಂದ್ರಿ. ಫೆಬ್ರವರಿಯಲ್ಲಿ ಅಂಗಳದಂಚಿಗೆ ಹತ್ತು ಬುಡ ನೆಟ್ಟೆ, ಏಪ್ರಿಲ್‌ಗೆ ಎಲ್ಲಾ ಕಡ್ಡಿ ಆಯ್ತು." ನೀರು ಹಾಕಿದ್ರಾ ಅಂತ ಕೇಳಿದ್ದಕ್ಕೆ, "ಬರಕ್ಕೆ ಜಗ್ಗದ ಹುಲ್ಲಿಗೆ ನೀರ್ಯಾಕೆ?" ಅಂತ ಉತ್ತರ.

ಸ್ವಾಮಿ, ಬರ ತಡೆಯೋದು ಬೇರು ಕಣ್ರಿ. ನೆಟ್ಟ ದಿನ ತೆಂಡೆಗೆ, ಅಂದ್ರೆ ಹಳೇ ಬುಡದಿಂದ ಸೀಳಿ ತೆಗೆದ ಸಸಿಗೆ, ಬೇರು ಎಷ್ಟಿರುತ್ತೆ? ನಾಲ್ಕು ಬೆರಳು. ನಿಮ್ಮ ಗರಸು ಮಣ್ಣಲ್ಲಿ ಮೇಲಿನ ನಾಲ್ಕು ಬೆರಳು ಮಾರ್ಚ್ ಬಿಸಿಲಿಗೆ ಹುರಿದ ಹಾಗಾಗಿರುತ್ತೆ. ಅದೇ ಬುಡ ಒಂದು ಮಳೆಗಾಲ ಕಂಡು, ಮಣ್ಣೂ ಆಳವಾಗಿದ್ರೆ, ಬೇರು ಎರಡು ಮೂರು ಮೀಟರ್ ನೇರ ಕೆಳಗಿಳಿಯುತ್ತೆ. ಆಮೇಲೆ ಮೇಲ್ಮಣ್ಣು ಬಿರುಕು ಬಿಟ್ರೂ ಅದಕ್ಕೆ ಚಿಂತೆಯಿಲ್ಲ.

ಹಾಗಾಗಿ ನೆಡೋದು ಮೃಗಶಿರಾ, ಆರಿದ್ರಾ ಮಳೆ ಹೊತ್ತಿಗೆ, ಅಂದ್ರೆ ಜೂನ್‌ನಲ್ಲಿ. ಹಳೇ ಬುಡವನ್ನ ಹಾರೆಯಲ್ಲಿ ಎಬ್ಬಿಸಿ, ಎರಡು ಮೂರು ತೆಂಡೆ ಒಟ್ಟಿಗಿರೋ ಹಾಗೆ ಸೀಳಿ. ಬುಡ ಒತ್ತಿ ನೋಡಿ: ಗಟ್ಟಿಯಾಗಿ ಒಳಗೆ ಬೆಳ್ಳಗಿದ್ರೆ ಜೀವ ಇದೆ, ಕಂದು ಬಣ್ಣಕ್ಕೆ ತಿರುಗಿ ಟೊಳ್ಳಾಗಿದ್ರೆ ಎಸೀರಿ. ಎಲೆಯನ್ನ ಒಂದು ಗೇಣಿಗೆ, ಬೇರನ್ನ ನಾಲ್ಕು ಬೆರಳಿಗೆ ಕತ್ತರಿಸಿ. ಎಲೆ ಉದ್ದ ಬಿಟ್ರೆ ಬೇರು ಹಿಡಿಯೋಕೆ ಮುಂಚೆ ನೀರೆಲ್ಲ ಆವಿಯಾಗುತ್ತೆ, ಅರ್ಧ ಜನ ಸೋಲೋದು ಇಲ್ಲೇ. ಒಂದು ಗೇಣು ಗುಂಡಿ, ಒಂದು ಬೊಗಸೆ ಕೊಟ್ಟಿಗೆ ಗೊಬ್ಬರ. ಬುಡದ ಸುತ್ತ ಗಾಳಿ ನಿಲ್ಲದ ಹಾಗೆ ಮಣ್ಣು ಚೆನ್ನಾಗಿ ತುಳೀರಿ. ಸಾಲು ಬೇಲಿಯಾಗಬೇಕಾದ್ರೆ 15 ಸೆಂಟಿಮೀಟರ್‌ಗೊಂದು, ಬಿಡಿ ಬುಡವಾಗಿ ಅಂದ ಕಾಣಬೇಕಾದ್ರೆ ಎರಡಡಿಗೊಂದು. ಮೊದಲ ಎರಡು ವಾರ ದಿನ ಬಿಟ್ಟು ದಿನ ನೀರು, ಆಮೇಲೆ ಮಳೆ ಕೈಕೊಟ್ಟಾಗ ವಾರಕ್ಕೆರಡು ಸಲ. ಹೌದು, ನೀರು! ಬೇರು ಇಳಿಯೋವರೆಗೆ ನೀರು!

"ಬದುವಿನ ಹುಲ್ಲು, ಮನೆ ಮುಂದೆ ಕಳೆ ಥರ ಕಾಣುತ್ತೆ" ಅಂತ ಇನ್ನೊಬ್ಬರು. ಕಳೆ ಥರ ಕಾಣೋದು ಕುಡುಗೋಲು ಮುಟ್ಟಿಸದ ಬುಡ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಮೊಣಕಾಲೆತ್ತರ ಉಳಿಸಿ ಸಮನಾಗಿ ಕೊಯ್ಯಿರಿ. ಹೊಸ ತೆಂಡೆ ಒಡೆದು, ಕಾರಂಜಿ ಚಿಮ್ಮಿದ ಹಾಗೆ ಬಾಗುತ್ತೆ, ನೇರಳೆ ಛಾಯೆಯ ಹೂಗೊಂಚಲು ಆಳೆತ್ತರ ನಿಲ್ಲುತ್ತೆ. ಕೊಯ್ದ ಎಲೆ ತೆಂಗಿನ ಬುಡಕ್ಕೆ ಮುಚ್ಚಿಗೆ. ಇದನ್ನ ಬಿಟ್ಟು ನರ್ಸರಿಯಿಂದ ಆಫ್ರಿಕಾ ಮೂಲದ ಫೌಂಟೇನ್ ಗ್ರಾಸ್ ಅನ್ನೋ ಅಂದದ ಹುಲ್ಲು ತರ್ತೀರಿ, ಅದರ ಬೀಜ ಗಾಳಿಗೆ ಹಾರಿ ಪಕ್ಕದ ಹೊಲದಲ್ಲೂ ಹುಟ್ಟುತ್ತೆ. ನಮ್ಮ ದಕ್ಷಿಣದ ಲಾವಂಚ ಮೊಳೆಯೋ ಬೀಜ ಕಟ್ಟೋದಿಲ್ಲ, ನೆಟ್ಟ ಜಾಗ ಬಿಟ್ಟು ಕದಲೋದಿಲ್ಲ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ತಜ್ಞರು ಮಣ್ಣು ಉಳಿಸೋಕೆ ಲಾವಂಚ ನೆಡಿ ಅಂತ ಹೇಳೋ ಹೊತ್ತಿಗೆ, ಗುಂಡ್ಲುಪೇಟೆ ರೈತರ ಬದುಗಳಲ್ಲಿ ಅದು ತಲೆಮಾರುಗಳಿಂದ ಇತ್ತು. ಯಾಕೆ ಉಳೀತು? ಬೇರು!

ಸಕಲೇಶಪುರ, ಮೂಡಿಗೆರೆಯವರೇ, ನಿಮಗೆ ನೀರಿನ ಕೊರತೆಯಿಲ್ಲ, ಆದ್ರೆ ಸಿಲ್ವರ್ ಓಕ್ ನೆರಳಲ್ಲಿ ನೆಡಬೇಡಿ. ಬಿಸಿಲಿಲ್ಲದಿದ್ರೆ ಬುಡ ಸೊರಗುತ್ತೆ. ಇಳಿಜಾರಲ್ಲಿ ನೆಟ್ಟಿದ್ರೆ ಸುವಾಸನೆಯ ಬೇರಿನ ಆಸೆಗೆ ಕೀಳಲೂ ಬೇಡಿ, ಅಗೆದ ಮಣ್ಣು ಮೊದಲ ಜೋರು ಮಳೆಗೇ ಜಾರುತ್ತೆ.

ಹಾವು ಬರುತ್ತೆ ಅನ್ನೋರಿಗೆ: ಹಾವು ಬರೋದು ಇಲಿ ಇದ್ದಲ್ಲಿಗೆ. ಬುಡದಲ್ಲಿ ಕಸ ಸೇರಿಸಬೇಡಿ, ಮುಗೀತು.

ತೆಂಡೆ ಸೀಳೋದನ್ನ ಮುಂದಿನ ವಾರ ಹತ್ತಿರದಿಂದ ತೋರಿಸ್ತೀವಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಕಡೂರು ಕಡೆ ನೆಂಟರಿದ್ರೆ ಅವರಿಗೂ ಕಳಿಸಿ. ಅರಸೀಕೆರೆಯವರೇ, ಆ ಒಣಗಿದ ಬುಡದಲ್ಲಿ ಒಂದನ್ನ ಕಿತ್ತು, ಬೇರಿನ ಪಕ್ಕ ಸ್ಕೇಲ್ ಇಟ್ಟು ಫೋಟೋ ಹಾಕಿ. ಒಂದು ಗೇಣಿಗಿಂತ ಉದ್ದ ಇದ್ರೆ ಹೇಳಿ, ಮಾತಾಡೋಣ.